ವಿಶ್ವೇಶ್ವರಯ್ಯನವರ ವೃತ್ತಿಚರಿತ್ರೆಯೂ ಕೋಲಾರದ ಬಂಡೆಯೂ

ಎಂಜಿನಿಯರರ ಜೀವನಚರಿತ್ರೆ ಎಂಬುದು ಕನ್ನಡದಲ್ಲಿ ಬಹುಮಟ್ಟಿಗೆ ಒಬ್ಬ ಮಹನೀಯರ ಹೆಸರನ್ನು ಆಶ್ರಯಿಸಿ ಬೆಳೆದಿರುವ ಸಾಹಿತ್ಯಪ್ರಕಾರವಾಗಿದೆ. ಶಾಲೆಯ ಬಾಲಕರಿಗಾಗಿ ಬರೆದ ಕಿರುಹೊತ್ತಿಗೆಗಳಿಂದ ಹಿಡಿದು ವಿದ್ವತ್ಪೂರ್ಣ ಗ್ರಂಥಗಳವರೆಗೆ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ವಿಷಯವಾಗಿ ನಮ್ಮಲ್ಲಿ ಪ್ರಕಟವಾಗಿರುವ ಬರಹಗಳ ರಾಶಿ ದೊಡ್ಡದು. ಆ ರಾಶಿಯ ತಳದಲ್ಲಿ ಅವರೇ ಇಂಗ್ಲಿಷಿನಲ್ಲಿ ಬರೆದು 1951ರಲ್ಲಿ ಪ್ರಕಟಿಸಿದ 'ಮೆಮಾಯರ್ಸ್ ಆಫ್ ಮೈ ವರ್ಕಿಂಗ್ ಲೈಫ್' ಎಂಬ ಗ್ರಂಥವಿದೆ. ಅನಂತರ ಬಂದ ಚರಿತ್ರೆಗಳಲ್ಲಿ ಹೆಚ್ಚಿನವು ಅದರ ಕ್ರಮವನ್ನೇ ಅನುಸರಿಸಿದುವು. ಅದು ಎಲ್ಲಿ ಮಾತಾಡಿತೋ ಅಲ್ಲಿ ಮಾತಾಡಿದುವು, ಎಲ್ಲಿ ಮೌನವಾಗಿತ್ತೋ ಅಲ್ಲಿ ಮೌನವಾದುವು. ಆ ಗ್ರಂಥವನ್ನು ಇತಿಹಾಸದ ಆಕರವನ್ನಾಗಿ ಬಳಸುವಾಗ ನಾವು ಯಾವ ಎಚ್ಚರಿಕೆಯನ್ನು ವಹಿಸಬೇಕು, ಅದರ ಮೌನವನ್ನು ತುಂಬಲು ಯಾವ ಸಾಕ್ಷ್ಯಗಳನ್ನು ಅದರ ಪಕ್ಕದಲ್ಲಿಟ್ಟು ಓದಬೇಕು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಆ ವೃತ್ತಿಜೀವನದ ರೂಪುರೇಖೆಯನ್ನು ಜ್ಞಾಪಿಸಿಕೊಳ್ಳುವುದು ಉಚಿತ. ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ವ್ಯಾಸಂಗವನ್ನು ಮುಗಿಸಿ, 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಸಿಂಧಿನ ಸುಕ್ಕೂರಿಗೆ ನೀರು ಸರಬರಾಜು, ದಖ್ಖನ್ನಿನ ಕಾಲುವೆಗಳಲ್ಲಿ ಬ್ಲಾಕ್ ಪದ್ಧತಿಯ ನೀರಾವರಿ, ಪುಣೆಯ ಬಳಿಯ ಖಡಕ್‌ವಾಸ್ಲಾ ಕಟ್ಟೆಗೆ ತಾನಾಗಿ ತೆರೆದು ಮುಚ್ಚುವ ತೂಬಿನ ಬಾಗಿಲುಗಳು, ಇವೆಲ್ಲವೂ ಆ ಅವಧಿಯ ಕೆಲಸಗಳು. 1908ರಲ್ಲಿ ಮೂಸಿ ನದಿಯ ಪ್ರವಾಹದಿಂದ ಹೈದರಾಬಾದು ನಗರ ತತ್ತರಿಸಿದಾಗ ಅಲ್ಲಿನ ಸರ್ಕಾರಕ್ಕೆ ಸಲಹೆಗಾರರಾದರು. 1909ರ ನವೆಂಬರಿನಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರರಾಗಿ ಬಂದು, 1912ರಿಂದ 1918ರವರೆಗೆ ದಿವಾನರಾಗಿದ್ದರು. ಮುಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತವನ್ನು ನಡೆಸಿದರು. 1934ರಲ್ಲಿ ಭಾರತಕ್ಕೊಂದು ಯೋಜಿತ ಅರ್ಥವ್ಯವಸ್ಥೆಯನ್ನು ಕುರಿತು ಗ್ರಂಥ ಬರೆದರು. 1955ರಲ್ಲಿ ಭಾರತರತ್ನ ಪ್ರಶಸ್ತಿಯನ್ನು ಪಡೆದು 1962ರಲ್ಲಿ ದಿವಂಗತರಾದರು.

ಸುಮಾರು ತೊಂಬತ್ತು ವರ್ಷಗಳ ವಯಸ್ಸಿನಲ್ಲಿ ಬರೆದ ಸ್ಮೃತಿಗ್ರಂಥವೆಂಬುದನ್ನು ನೆನೆದರೆ ಆ ಕೃತಿಯ ಶಿಸ್ತು ಆಶ್ಚರ್ಯವನ್ನುಂಟುಮಾಡುತ್ತದೆ. ಲೇಖಕರು ತಮ್ಮ 'ಕೆಲಸದ ಜೀವನ'ವನ್ನು ಮಾತ್ರ ಹೇಳುತ್ತೇನೆಂದು ಶೀರ್ಷಿಕೆಯಲ್ಲಿಯೇ ಸೂಚಿಸಿ ಆ ಮಾತನ್ನು ನಡೆಸಿಕೊಂಡಿದ್ದಾರೆ. ಸಂಸಾರದ ಸುಖದುಃಖಗಳಿಗೆ ಅಲ್ಲಿ ಎಡೆಯಿಲ್ಲ. ಆಡಂಬರವಿಲ್ಲದ, ವರದಿಯ ಧಾಟಿಯ ಗದ್ಯದಲ್ಲಿ ಅಂಕಿ ಅಂಶಗಳು, ಹುದ್ದೆಗಳು, ಆಜ್ಞೆಗಳು ಒಂದಾದಮೇಲೊಂದರಂತೆ ಬರುತ್ತವೆ. ತಮ್ಮನ್ನು ವಿರೋಧಿಸಿದವರ ವಿಷಯದಲ್ಲಿಯೂ ಕಟುವಾದ ಮಾತು ಅಪರೂಪ. ಇಂಥ ಸಂಯಮ ನಮ್ಮ ಆತ್ಮಕಥೆಗಳಲ್ಲಿ ಸುಲಭವಾಗಿ ದೊರೆಯುವುದಲ್ಲ. ಈ ಗುಣವನ್ನು ಮೊದಲು ಒಪ್ಪಿಕೊಂಡು ಮುಂದಕ್ಕೆ ಹೋಗುವುದು ವಿಮರ್ಶಕನ ಕರ್ತವ್ಯ.

ಆದರೆ ಆ ಸಂಯಮವೇ ಒಂದು ಭ್ರಮೆಗೂ ಎಡೆಮಾಡಿಕೊಡುತ್ತದೆ. ಗ್ರಂಥದಲ್ಲಿ ಪ್ರತಿಯೊಂದು ಕಾರ್ಯವೂ ಒಂದೇ ಬಗೆಯ ಹೆಜ್ಜೆಗಳನ್ನಿಡುತ್ತದೆ: ಒಂದು ಯೋಜನೆ ಸಿದ್ಧವಾಗುತ್ತದೆ; ಮೇಲಿನವರಿಂದ ಆಕ್ಷೇಪಣೆ ಬರುತ್ತದೆ; ವಾದದಿಂದ ಆಕ್ಷೇಪಣೆ ಪರಿಹಾರವಾಗಿ ಮಂಜೂರಾತಿ ದೊರೆಯುತ್ತದೆ; ಕೆಲಸ ಮುಗಿಯುತ್ತದೆ. ಈ ಕಥನದಲ್ಲಿ ಎದುರಾಳಿಯಾಗಿ ನಿಲ್ಲುವುದು ಯಾವಾಗಲೂ ಕಚೇರಿಯೇ. ಹಣಕಾಸಿನ ಅಧಿಕಾರಿಯ ಸಂದೇಹ, ನೆರೆಯ ಸರ್ಕಾರದ ತಕರಾರು, ಮಹಾರಾಜರ ಹಿಂಜರಿಕೆ ಇವುಗಳನ್ನು ಗೆಲ್ಲುವುದೇ ಎಂಜಿನಿಯರನ ಸಾಹಸವೆಂಬಂತೆ ತೋರುತ್ತದೆ. ನೆಲವಾಗಲಿ, ಬಂಡೆಯಾಗಲಿ, ಗಾರೆಯಾಗಲಿ ಎದುರಾಳಿಯಾಗಿ ಬರುವುದು ಕಡಮೆ; ಅವು ಅಂದಾಜುಪಟ್ಟಿಯ ಒಂದೊಂದು ಸಾಲಾಗಿ ಉಳಿಯುತ್ತವೆ. ಕಟ್ಟೆಯೊಂದು ನಿಲ್ಲಬೇಕಾದದ್ದು ಸರ್ಕಾರದ ಆಜ್ಞೆಯ ಮೇಲಲ್ಲ, ಶಿಲೆಯ ಮೇಲೆ ಎಂಬ ಸಾಮಾನ್ಯ ಸಂಗತಿಯನ್ನು ಓದುಗನು ಹೀಗೆ ಮರೆಯುತ್ತಾನೆ. ಪರಿಣಾಮವಾಗಿ ಮೈಸೂರು ಸಂಸ್ಥಾನದ ಶಕ್ತಿ ಉತ್ಪಾದನೆಯ ಇತಿಹಾಸ ಒಬ್ಬ ವ್ಯಕ್ತಿಯ ಸಂಕಲ್ಪದ ಇತಿಹಾಸವಾಗಿ ಪರಿಣಮಿಸಿದೆ. ಈ ಮಾತನ್ನು ಮೂರು ನಿದರ್ಶನಗಳಿಂದ ಪರೀಕ್ಷಿಸಬಹುದು.

ಮೊದಲನೆಯದು ಕೃಷ್ಣರಾಜಸಾಗರದ ಮೂಲೋದ್ದೇಶ. ಕನ್ನಂಬಾಡಿ ಕಟ್ಟೆಯೆಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸಿಗೆ ಬರುವುದು ಮಂಡ್ಯದ ಗದ್ದೆ, ಕಬ್ಬು, ಸಕ್ಕರೆ. ಕಾಲಾನುಕ್ರಮವಾದರೋ ಬೇರೊಂದು ಕಥೆಯನ್ನು ಹೇಳುತ್ತದೆ. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರ ಕಾಲದಲ್ಲಿ, ಉಪಮುಖ್ಯ ಎಂಜಿನಿಯರರಾಗಿದ್ದ ಜೋಲಿ ಡಿ ಲಾಟ್‌ಬಿನಿಯೇರ್ ಎಂಬ ಸೈನ್ಯಾಧಿಕಾರಿಯ ಯೋಜನೆಯಂತೆ ಶಿವನಸಮುದ್ರದಲ್ಲಿ ಕಾವೇರಿಯ ಜಲಪಾತದಿಂದ ವಿದ್ಯುಚ್ಛಕ್ತಿಯನ್ನು ಉತ್ಪಾದಿಸುವ ಕಾರ್ಯ ಕೈಗೂಡಿತು. 1902ರ ಜೂನ್ ಕೊನೆಯಲ್ಲಿ ಆ ಶಕ್ತಿ ಸುಮಾರು 92 ಮೈಲಿ ದೂರದ ತಂತಿಯ ಮೂಲಕ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಮೂರು ವರ್ಷಗಳ ತರುವಾಯ, 1905ರಲ್ಲಿ. ಎಂದರೆ ರಾಜಧಾನಿಗೂ ನಗರಕ್ಕೂ ಮೊದಲು ಗಣಿಗೆ ಶಕ್ತಿ ಹೋಯಿತು. ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಲಂಡನ್ನಿನ ಸಂಸ್ಥೆಯ ಆಡಳಿತದಲ್ಲಿದ್ದ ಗಣಿ ಕಂಪನಿಗಳು ಖಚಿತವಾಗಿ ಹಣ ಕೊಡಬಲ್ಲ ಗ್ರಾಹಕರು. ಸಂಸ್ಥಾನಕ್ಕೆ ಆ ಆದಾಯ ಬೇಕಾಗಿತ್ತು.

ಆದರೆ ನದಿ ಕರಾರುಪತ್ರವನ್ನು ಅರಿಯದು. ಮಳೆಗಾಲದಲ್ಲಿ ಉಕ್ಕಿ ಹರಿಯುವ ಕಾವೇರಿ ಬೇಸಗೆಯಲ್ಲಿ ಸೊರಗುತ್ತಿತ್ತು. ಯಂತ್ರಗಳನ್ನು ಹೆಚ್ಚಿಸಿದಷ್ಟೂ ಬೇಸಗೆಯ ಕೊರತೆ ಹೆಚ್ಚಾಗಿ ಕಾಣುತ್ತಿತ್ತು. ಶಿವನಸಮುದ್ರದ ಮೇಲ್ಭಾಗದಲ್ಲಿ ನೀರನ್ನು ಶೇಖರಿಸಿ ವರ್ಷವಿಡೀ ಸಮನಾಗಿ ಬಿಡದೆ ಗಣಿಗಳಿಗೆ ಒಪ್ಪಿಕೊಂಡಷ್ಟು ಶಕ್ತಿಯನ್ನು ಒದಗಿಸುವಂತಿರಲಿಲ್ಲ. 1911ರಲ್ಲಿ ಆರಂಭವಾದ ಕನ್ನಂಬಾಡಿಯ ಕೆಲಸಕ್ಕೆ ತ್ವರೆಯನ್ನು ತಂದದ್ದು ಮುಖ್ಯವಾಗಿ ಈ ಅಗತ್ಯ. ಮಂಡ್ಯದ ಬಯಲಿಗೆ ನೀರನ್ನೊಯ್ದ ದೊಡ್ಡ ಕಾಲುವೆ, ಅಂದಿನ ವೈಸರಾಯರ ಹೆಸರಿನಿಂದ ಇರ್ವಿನ್ ಕಾಲುವೆ ಎನಿಸಿಕೊಂಡದ್ದು, ಸಿದ್ಧವಾದದ್ದು ಸುಮಾರು ಎರಡು ದಶಕಗಳ ತರುವಾಯ. ವಿಶ್ವೇಶ್ವರಯ್ಯನವರು ಗಣಿಗಳ ಬೇಡಿಕೆಯನ್ನು ಮರೆಮಾಚಿಲ್ಲ. ಮರೆಮಾಚಿದವರು ಅವರ ಚರಿತ್ರಕಾರರು. ರೈತನಿಗಾಗಿ ಕಟ್ಟಿದ ಕಟ್ಟೆಯೆಂಬ ಕಥೆ ಕೇಳಲು ಹಿತವಾದದ್ದು. ಆದರೆ ಆ ಕಟ್ಟೆಯ ಮೊದಲ ಸಾಲಿನ ಗ್ರಾಹಕನು ಭೂಗರ್ಭದಲ್ಲಿದ್ದನು.

ಎರಡನೆಯ ನಿದರ್ಶನ ಕಟ್ಟೆಯ ತಳಹದಿಗೆ ಸಂಬಂಧಿಸಿದ್ದು. ಕಲ್ಲಿನ ಗಾರೆಕೆಲಸದ ಅಣೆಕಟ್ಟು ತನ್ನ ತೂಕದಿಂದಲೇ ನೀರಿನ ಒತ್ತಡವನ್ನು ತಡೆಯತಕ್ಕದ್ದು. ನೀರಿನ ಆಳ ಹೆಚ್ಚಿದಂತೆ ಒತ್ತಡ ಹೆಚ್ಚುತ್ತದೆ. ಕಟ್ಟೆ ಮಗುಚದಂತೆಯೂ ಜಾರದಂತೆಯೂ ಇರಬೇಕಾದರೆ ತಳದ ಅಗಲ ಎತ್ತರಕ್ಕೆ ತಕ್ಕ ಪ್ರಮಾಣದಲ್ಲಿರಬೇಕು. ಅದಲ್ಲದೆ ತಳದ ಬಿರುಕುಗಳಲ್ಲಿ ನುಸುಳಿದ ನೀರು ಕಟ್ಟೆಯನ್ನು ಕೆಳಗಿನಿಂದ ಮೇಲಕ್ಕೆತ್ತಲು ಯತ್ನಿಸುವುದರಿಂದ, ಸಡಿಲವಾದ ಮೇಲ್ಪದರವನ್ನು ತೆಗೆದುಹಾಕಿ ಗಟ್ಟಿಯಾದ ಬಂಡೆಯವರೆಗೆ ಅಗೆಯುವುದು ಅನಿವಾರ್ಯ. ಆದ್ದರಿಂದ ಒಂದು ಕಟ್ಟೆಯ ತಳದ ಅಗಲವನ್ನು ಕಂಡವನು ಅದರ ಎತ್ತರವನ್ನು ಊಹಿಸಬಲ್ಲನು.

ಈ ಸೂತ್ರವನ್ನು ಹಿಡಿದುಕೊಂಡು ಕಾವೇರಿ ವಿವಾದದ ಆರಂಭಘಟ್ಟವನ್ನು ನೋಡಬೇಕು. ಮೈಸೂರಿನ ಅಪೇಕ್ಷೆ ಸುಮಾರು 4,150 ಕೋಟಿ ಘನ ಅಡಿ ನೀರನ್ನು ಶೇಖರಿಸುವುದಾಗಿತ್ತು. ಮದರಾಸು ಸರ್ಕಾರ ಆಕ್ಷೇಪಿಸಿದ್ದರಿಂದ 1,100 ಕೋಟಿ ಘನ ಅಡಿಯ ಚಿಕ್ಕ ಜಲಾಶಯಕ್ಕೆ ಮಾತ್ರ ಆಗ ಒಪ್ಪಿಗೆ ದೊರೆಯಿತು. ಆದರೂ ತಳಹದಿಯನ್ನು ಹಾಕುವಾಗ ಮೈಸೂರು ದೊಡ್ಡ ಕಟ್ಟೆಗೆ ಬೇಕಾದ 111 ಅಡಿಗಳ ಅಗಲವನ್ನೇ ಇಟ್ಟುಕೊಂಡಿತು. ವಿವಾದ ನ್ಯಾಯಮೂರ್ತಿ ಗ್ರಿಫಿನ್ನರ ಮಧ್ಯಸ್ಥಿಕೆಗೆ ಹೋಗಿ, 1914ರಲ್ಲಿ ತೀರ್ಪು ಬಂದು, ಅದರ ಮೇಲೆ ಮದರಾಸು ಪುನರ್ವಿಚಾರಣೆ ಕೇಳಿ, ಕಟ್ಟಕಡೆಗೆ 1924ರ ಒಪ್ಪಂದದಿಂದ ಕಟ್ಟೆಯ 124 ಅಡಿಗಳ ಎತ್ತರ ಸ್ಥಿರವಾಯಿತು. ಹದಿಮೂರು ವರ್ಷಗಳ ಕಾಲ ಕಡತಗಳು ಯಾವ ಮಾತನ್ನು ನಿರ್ಧರಿಸಲಾರದೆ ಹೋದುವೋ ಆ ಮಾತನ್ನು ತಳಹದಿ ಮೊದಲ ದಿನವೇ ನುಡಿದಿತ್ತು. ಇತಿಹಾಸದ ವಿದ್ಯಾರ್ಥಿಗೆ ಶಾಸನವನ್ನು ಓದಲು ಕಲಿಸುತ್ತೇವೆ, ನಾಣ್ಯವನ್ನು ಓದಲು ಕಲಿಸುತ್ತೇವೆ. ಕಟ್ಟೆಯ ಬುನಾದಿಯನ್ನು ಓದಲು ಕಲಿಸುವುದಿಲ್ಲ. ಈ ಬುನಾದಿಯಾದರೋ ಸಂಸ್ಥಾನದ ರಾಜನೀತಿಯನ್ನು ಯಾವ ಪತ್ರಕ್ಕಿಂತಲೂ ಸ್ಪಷ್ಟವಾಗಿ ಹೇಳುವ ದಾಖಲೆ. ಸಂಧಾನದ ಮೇಜಿನ ಬಳಿ ವಿನಯವಾಗಿದ್ದ ಮೈಸೂರು ನದಿಯ ಪಾತ್ರದಲ್ಲಿ ತನ್ನ ನಿಲುವನ್ನು ಬಿಟ್ಟುಕೊಟ್ಟಿರಲಿಲ್ಲ.

ಇದೇ ಸಂದರ್ಭದಲ್ಲಿ ಗಾರೆಯ ವಿಚಾರವನ್ನೂ ಹೇಳಬೇಕು. ಕೃಷ್ಣರಾಜಸಾಗರವನ್ನು ಸಿಮೆಂಟಿನಿಂದ ಕಟ್ಟಲಿಲ್ಲ. ಸುಣ್ಣ ಮತ್ತು ಸುರ್ಕಿಯ ಗಾರೆಯಿಂದ ಕಟ್ಟಿದರು. ಸುಟ್ಟ ಇಟ್ಟಿಗೆಯ ಪುಡಿಯೇ ಸುರ್ಕಿ. ಬರಿಯ ಸುಣ್ಣದ ಗಾರೆ ಗಟ್ಟಿಯಾಗಲು ಗಾಳಿ ಬೇಕು. ಸುರ್ಕಿ ಸೇರಿದಾಗ ಸುಣ್ಣ ಅದರೊಡನೆ ಸಂಯೋಗಗೊಂಡು ನೀರಿನೊಳಗೂ ಗಟ್ಟಿಯಾಗುತ್ತದೆ. ಈ ತಿಳಿವಳಿಕೆ ನಮ್ಮ ಕೆರೆಕಟ್ಟೆಗಳ ಗಾರೆಕೆಲಸದವರಿಗೆ ಹೊಸದಲ್ಲ. ಯಾವ ಮಣ್ಣಿನ ಇಟ್ಟಿಗೆ, ಎಷ್ಟು ಸುಡಬೇಕು, ಎಷ್ಟು ಅರೆಯಬೇಕು ಎಂಬ ಅನುಭವಜ್ಞಾನ ಕೈಯಿಂದ ಕೈಗೆ ಬಂದದ್ದು. ಸುಮಾರು 8,600 ಅಡಿ ಉದ್ದದ ಆ ಗೋಡೆಯಲ್ಲಿ ಸಾವಿರಾರು ಮಂದಿಯ ಈ ಜ್ಞಾನ ಕೂಡಿಕೊಂಡಿದೆ. ಕಟ್ಟೆಯ ಹಿಂದೆ ನಿಂತ ನೀರಿನಲ್ಲಿ ಕನ್ನಂಬಾಡಿಯೂ ಸೇರಿದಂತೆ ಹಲವು ಗ್ರಾಮಗಳು ಮುಳುಗಿದುವು. ಕಟ್ಟೆ ಮುಗಿಯುವ ವೇಳೆಗೆ ವಿಶ್ವೇಶ್ವರಯ್ಯನವರು ಅಧಿಕಾರವನ್ನು ಬಿಟ್ಟು ಹದಿಮೂರು ವರ್ಷಗಳಾಗಿದ್ದುವು. ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದರು. ಇರ್ವಿನ್ ಕಾಲುವೆ ಹುಲಿಕೆರೆಯ ಬಳಿ ಸುಮಾರು ಒಂದೂಮುಕ್ಕಾಲು ಮೈಲಿ ಉದ್ದದ ಸುರಂಗದಲ್ಲಿ ಗುಡ್ಡವನ್ನು ದಾಟುತ್ತದೆ. ಬಂಡೆಯನ್ನು ಕೊರೆದು ಮಾಡಿದ ಆ ಕೆಲಸವೂ ಅನಂತರದವರದೇ. ಆ ಕಾಲುವೆಗೆ ಇಂದು ವಿಶ್ವೇಶ್ವರಯ್ಯ ಕಾಲುವೆ ಎಂದು ಹೆಸರು. ಕೃತಜ್ಞತೆಯಿಂದ ಇಟ್ಟ ಹೆಸರನ್ನು ಯಾರೂ ಆಕ್ಷೇಪಿಸಬೇಕಾಗಿಲ್ಲ. ಆದರೆ ಒಂದು ದೊಡ್ಡ ಹೆಸರು ಹತ್ತಾರು ಚಿಕ್ಕ ಹೆಸರುಗಳನ್ನು ತನ್ನೊಳಗೆ ಸೆಳೆದುಕೊಳ್ಳುವ ಬಗೆಗೆ ಇದೊಂದು ಉದಾಹರಣೆಯೆಂಬುದನ್ನು ಇತಿಹಾಸಕಾರನು ಗಮನಿಸದಿರಲಾಗದು.

ಮೂರನೆಯ ನಿದರ್ಶನಕ್ಕಾಗಿ ತಂತಿಯ ಇನ್ನೊಂದು ತುದಿಗೆ ಹೋಗಬೇಕು. ಶಿವನಸಮುದ್ರದ ಶಕ್ತಿ ಕೋಲಾರದಲ್ಲಿ ಏನು ಮಾಡಿತು ಎಂಬ ಪ್ರಶ್ನೆಯನ್ನು ನಮ್ಮ ಚರಿತ್ರೆಗಳು ಕೇಳಿದ್ದು ಅಪೂರ್ವ. ಗಣಿಯ ಆಳ ಹೆಚ್ಚಿದಂತೆ ನೀರನ್ನು ಮೇಲಕ್ಕೆತ್ತಬೇಕು, ಅದಿರನ್ನೂ ಮನುಷ್ಯರನ್ನೂ ಏರಿಸಿ ಇಳಿಸಬೇಕು, ಬಂಡೆ ಕೊರೆಯಲು ಒತ್ತಿದ ಗಾಳಿಯನ್ನು ಕಳಿಸಬೇಕು, ಉಸಿರಾಟಕ್ಕೆ ತಂಪುಗಾಳಿ ಒದಗಿಸಬೇಕು. ಸೌದೆಯನ್ನೂ ದೂರದಿಂದ ತಂದ ಕಲ್ಲಿದ್ದಲನ್ನೂ ಉರಿಸಿ ಇವನ್ನೆಲ್ಲ ನಡೆಸುವುದು ದುಬಾರಿ. ಜಲವಿದ್ಯುತ್ತು ಈ ವೆಚ್ಚವನ್ನು ತಗ್ಗಿಸಿತು; ಆಳಕ್ಕೆ ಹೋಗುವುದು ಲಾಭಕರವಾಗಿ ಉಳಿಯಲು ಅದೂ ಒಂದು ಕಾರಣವಾಯಿತು. ಚಾಂಪಿಯನ್ ರೀಫ್ ಗಣಿ ಕಾಲಕ್ರಮದಲ್ಲಿ ಮೂರು ಕಿಲೋಮೀಟರಿಗೂ ಕೆಳಗಿಳಿದು ಪ್ರಪಂಚದ ಅತ್ಯಂತ ಆಳದ ಗಣಿಗಳಲ್ಲಿ ಒಂದೆನಿಸಿತು.

ಆ ಆಳದಲ್ಲಿ ಬಂಡೆಯ ಸ್ವಭಾವವೇ ಬೇರೆ. ಮೂರು ಕಿಲೋಮೀಟರು ದಪ್ಪದ ಶಿಲೆಯ ಭಾರ ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಸುಮಾರು 800 ಕಿಲೋಗ್ರಾಮಿನಷ್ಟು ಬೀಳುತ್ತದೆ. ಅದಿರನ್ನು ತೆಗೆದು ಟೊಳ್ಳು ಮಾಡಿದಾಗ ಆ ಭಾರ ಮಾಯವಾಗುವುದಿಲ್ಲ. ಅಕ್ಕಪಕ್ಕದಲ್ಲಿ ಉಳಿಸಿದ ಕಂಬಗಳ ಮೇಲೂ ಗೋಡೆಗಳ ಮೇಲೂ ಹಂಚಿಹೋಗುತ್ತದೆ. ಮೆದುವಾದ ಶಿಲೆಯಾದರೆ ನಿಧಾನವಾಗಿ ಬಗ್ಗಿ ಕುಸಿಯುತ್ತದೆ. ಕೋಲಾರದ ಶಿಲೆ ಗಟ್ಟಿ, ಆದರೆ ಗಾಜಿನಂತೆ ಬಿರುಸು. ಅದು ಭಾರವನ್ನು ತನ್ನೊಳಗೆ ಬಿಗಿಹಿಡಿದು ಒಂದು ಕ್ಷಣದಲ್ಲಿ ಸಿಡಿಯುತ್ತದೆ. ಈ ಶಿಲಾಸ್ಫೋಟಗಳನ್ನು ಗಣಿಯಲ್ಲಿ 'ಏರ್ ಬ್ಲಾಸ್ಟ್' ಎಂದು ಕರೆಯುತ್ತಿದ್ದರು. ಅವು ವಿದ್ಯುತ್ತು ಬರುವುದಕ್ಕಿಂತ ಮೊದಲೇ ಇದ್ದುವು. ಆದ್ದರಿಂದ ವಿದ್ಯುತ್ತೇ ಅವಕ್ಕೆ ಕಾರಣವೆನ್ನುವುದು ಸಲ್ಲದು. ಕಾರಣ ಆಳ, ಆಳಕ್ಕೆ ದಾರಿ ಮಾಡಿಕೊಟ್ಟವುಗಳಲ್ಲಿ ಅಗ್ಗದ ಶಕ್ತಿಯೂ ಒಂದು. ಕಾವೇರಿಯ ಬೀಳುನೀರಿನಿಂದ ಹೊರಟ ಸರಪಣಿಯ ಒಂದು ಕೊಂಡಿ ಹೀಗೆ ಭೂಗರ್ಭದಲ್ಲಿ ಕೆಲಸಮಾಡುತ್ತಿದ್ದವನ ಪ್ರಾಣದವರೆಗೆ ಮುಟ್ಟುತ್ತದೆ. ಆ ಕೆಲಸಗಾರರಲ್ಲಿ ಹೆಚ್ಚಿನವರು ತಮಿಳು ಜಿಲ್ಲೆಗಳಿಂದ ವಲಸೆ ಬಂದ ದಲಿತರು; ತೆಲುಗರೂ ಕನ್ನಡಿಗರೂ ಜತೆಗಿದ್ದರು. ಅವರಲ್ಲಿ ಯಾರೂ ತಮ್ಮ ಕೆಲಸದ ಜೀವನವನ್ನು ಕುರಿತು ಸ್ಮೃತಿಗ್ರಂಥ ಪ್ರಕಟಿಸುವ ಸ್ಥಿತಿಯಲ್ಲಿರಲಿಲ್ಲ.

ಆದರೆ ಈ ಅನಾಹುತದಿಂದ ಒಂದು ವಿದ್ಯೆ ಹುಟ್ಟಿತು ಎಂಬುದು ಅಷ್ಟೇ ಮುಖ್ಯವಾದ ಸಂಗತಿ. ಸಂಸ್ಥಾನದ ಭೂವಿಜ್ಞಾನ ಇಲಾಖೆ 1894ರಲ್ಲಿ ರಾಬರ್ಟ್ ಬ್ರೂಸ್ ಫುಟ್ ಅವರ ನೇತೃತ್ವದಲ್ಲಿ ಸ್ಥಾಪಿತವಾಗಿತ್ತು. ಅವರ ಅನಂತರ ಬಂದ ಡಬ್ಲ್ಯು. ಎಫ್. ಸ್ಮೀತ್ ಅವರು 1904ರಲ್ಲಿಯೇ ಕೋಲಾರದ ಶಿಲಾಸ್ಫೋಟಗಳನ್ನು ಕುರಿತು ಇಲಾಖೆಯ ಬುಲೆಟಿನ್ ಒಂದನ್ನು ಹೊರತಂದರು. 1912ರಲ್ಲಿ, ಎಂದರೆ ವಿಶ್ವೇಶ್ವರಯ್ಯನವರು ದಿವಾನರಾದ ವರ್ಷದಲ್ಲಿಯೇ, ಸ್ಫೋಟಗಳ ಕಂಪನವನ್ನು ದಾಖಲೆ ಮಾಡಲು ಗಣಿಪ್ರದೇಶದಲ್ಲಿ ಭೂಕಂಪಮಾಪಕವನ್ನು ಸ್ಥಾಪಿಸಲಾಯಿತು. ಟೊಳ್ಳಾದ ಜಾಗವನ್ನು ಗ್ರಾನೈಟಿನ ಕಟ್ಟಡದಿಂದ ತುಂಬುವುದು, ಕಂಬಗಳನ್ನು ಚಿಕ್ಕ ಚಿಕ್ಕದಾಗಿ ಉಳಿಸದೆ ಕ್ರಮವಾಗಿ ತೆಗೆಯುತ್ತ ಹೋಗುವುದು, ಯಾವ ದಿಕ್ಕಿನಿಂದ ಅಗೆಯಬೇಕೆಂಬುದನ್ನು ಮೊದಲೇ ನಿರ್ಧರಿಸುವುದು, ಇಂಥ ಉಪಾಯಗಳು ದಶಕಗಳ ಅನುಭವದಿಂದ ರೂಪುಗೊಂಡುವು. ಗಣಿಗಳು 1956ರಲ್ಲಿ ಮೈಸೂರು ಸರ್ಕಾರಕ್ಕೂ 1962ರಲ್ಲಿ ಕೇಂದ್ರಕ್ಕೂ ಸೇರಿದ ಮೇಲೆಯೂ ಈ ಅಧ್ಯಯನ ನಿಲ್ಲಲಿಲ್ಲ. 1988ರಲ್ಲಿ ಕೋಲಾರದ ಚಿನ್ನದ ಗಣಿಪ್ರದೇಶದಲ್ಲಿಯೇ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆ, ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್, ಸ್ಥಾಪಿತವಾಯಿತು. 2001ರಲ್ಲಿ ಗಣಿ ಮುಚ್ಚಿತು, ವಿದ್ಯೆ ಉಳಿಯಿತು. ಅದು ಇಂದು ಅಣೆಕಟ್ಟುಗಳ ತಳಹದಿ, ಸುರಂಗಗಳು, ಜಲವಿದ್ಯುತ್ ಸ್ಥಾವರಗಳ ಭೂಗರ್ಭದ ಕೋಣೆಗಳು ಇವುಗಳ ಪರೀಕ್ಷೆಗೆ ಉಪಯೋಗವಾಗುತ್ತಿದೆ.

ಈ ವೃತ್ತವನ್ನು ವಾಚಕರು ಗಮನಿಸಬೇಕು. ನೀರಿನಿಂದ ಶಕ್ತಿ, ಶಕ್ತಿಯಿಂದ ಆಳ, ಆಳದಿಂದ ಆಪತ್ತು, ಆಪತ್ತಿನಿಂದ ಶಿಲೆಯ ಜ್ಞಾನ, ಆ ಜ್ಞಾನದಿಂದ ಮತ್ತೆ ನೀರಿನ ಶಕ್ತಿ. ವಾರಾಹಿ ಯೋಜನೆಯಂತೆ ವಿದ್ಯುದಾಗಾರವನ್ನು ಬೆಟ್ಟದೊಳಗೇ ಕಟ್ಟುವ ಕಾಲದಲ್ಲಿ ಜಲವಿದ್ಯುತ್ತಿನ ಎಂಜಿನಿಯರನು ಗಣಿಯ ಎಂಜಿನಿಯರನ ಶಿಷ್ಯನಾಗಬೇಕಾಯಿತು. ಸುಮಾರು ಒಂದು ಶತಮಾನದ ಈ ಪರಂಪರೆಗೆ ಒಬ್ಬ ನಾಯಕನಿಲ್ಲ. ಆದ್ದರಿಂದಲೇ ಕನ್ನಡದಲ್ಲಿ ಅದರ ಚರಿತ್ರೆ ಜನರ ಓದಿಗೆ ಬರಲಿಲ್ಲ. ನಮ್ಮ ಜೀವನಚರಿತ್ರೆಯ ಪ್ರಕಾರಕ್ಕೆ ವ್ಯಕ್ತಿ ಬೇಕು. ಅನೇಕರು ಸೇರಿ, ಹಲವು ತಲೆಮಾರುಗಳಲ್ಲಿ, ತಪ್ಪುತ್ತ ತಿದ್ದಿಕೊಳ್ಳುತ್ತ ಕಟ್ಟಿದ ಜ್ಞಾನವನ್ನು ಹಿಡಿದಿಡುವ ಪಾತ್ರೆಯನ್ನು ನಾವಿನ್ನೂ ಮಾಡಿಕೊಂಡಿಲ್ಲ.

ಹಾಗಾದರೆ ವಿಶ್ವೇಶ್ವರಯ್ಯನವರನ್ನು ಶಕ್ತಿಸಂಶೋಧನೆಯ ನಾಯಕರೆಂದು ಕರೆಯಬಹುದೆ? ಕಾರ್ಯಸಾಧನೆಯನ್ನೂ ಸಂಶೋಧನೆಯನ್ನೂ ಇಲ್ಲಿ ಬೇರ್ಪಡಿಸಿ ನೋಡಬೇಕು. ಅಳತೆಯಿಲ್ಲದೆ ಅಭಿಪ್ರಾಯ ಹೇಳಬಾರದೆಂಬುದು ಅವರ ಜೀವನದ ಸೂತ್ರ; ಅದು ಸಂಶೋಧಕನ ಸೂತ್ರವೂ ಹೌದು. ಆದರೆ ಅವರ ಪ್ರತಿಭೆ ಪ್ರಧಾನವಾಗಿ ತಿಳಿದಿದ್ದನ್ನು ಕಾರ್ಯಗತಗೊಳಿಸುವುದರಲ್ಲಿತ್ತು. ತಿಳಿಯದಿದ್ದುದನ್ನು ಹುಡುಕುವುದು ಅವರ ಮುಖ್ಯ ವೃತ್ತಿಯಾಗಿರಲಿಲ್ಲ. ಸಂಶೋಧನೆಗೆ ಅವರು ಕೊಟ್ಟ ಕಾಣಿಕೆ ಬೇರೆ ಬಗೆಯದು: ಅವರು ಅದಕ್ಕೆ ಮನೆ ಕಟ್ಟಿದರು. ಅವರ ದಿವಾನಗಿರಿಯಲ್ಲಿ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೂ ಆರಂಭವಾದುವು. 1938ರಿಂದ 1947ರವರೆಗೆ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ಕೋರ್ಟಿನ ಅಧ್ಯಕ್ಷರಾಗಿದ್ದರು. ವಿದ್ಯುತ್ತಿನ ಸಂಶೋಧನೆಗೆಂದೇ ಕೇಂದ್ರ ಸರ್ಕಾರ 1960ರಲ್ಲಿ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯನ್ನು ಬೆಂಗಳೂರಿನಲ್ಲಿ ಸ್ಥಾಪಿಸುವ ವೇಳೆಗೆ, ನಗರದಲ್ಲಿ ಅದಕ್ಕೆ ಬೇಕಾದ ವಿದ್ವತ್ತಿನ ಭೂಮಿಕೆ ಸಿದ್ಧವಾಗಿತ್ತು. ಈ ಭೂಮಿಕೆಯ ರಚನೆಯಲ್ಲಿ ಅವರಿಗೆ ಸಲ್ಲಬೇಕಾದ ಪಾಲು ದೊಡ್ಡದು. ಕಟ್ಟೆಗಿಂತಲೂ ಇದೇ ಅವರ ಹೆಚ್ಚಿನ ಕೀರ್ತಿಯೆಂಬುದು ನನ್ನ ಅಭಿಪ್ರಾಯ. ಕಟ್ಟೆಯನ್ನು ಅವರಿಲ್ಲದೆ ಇತರರು ಮುಗಿಸಿದರು. ಕಾಲೇಜಿಗಾದರೋ ಆ ಕಾಲದಲ್ಲಿ ಅಷ್ಟು ಆತುರಪಟ್ಟವರು ವಿರಳ.

ಇಲ್ಲಿ ಒಂದು ಆಕ್ಷೇಪಣೆಗೆ ಅವಕಾಶವುಂಟು. ಮುಖ್ಯ ಎಂಜಿನಿಯರನಿಗೆ ಗಣಿಯ ಬಂಡೆಯ ಚಿಂತೆ ಏತಕ್ಕೆ? ತನ್ನ ವೃತ್ತಿಯನ್ನು ಕುರಿತು ಬರೆಯುವವನು ತನ್ನ ಇಲಾಖೆಯ ಗಡಿಯನ್ನು ಮೀರಿ ಬರೆಯಬೇಕೆಂದು ಅಪೇಕ್ಷಿಸುವುದು ನ್ಯಾಯವೆ? ಆಕ್ಷೇಪಣೆ ಸರಿಯಾದದ್ದೇ. ವಿಶ್ವೇಶ್ವರಯ್ಯನವರು ಬರೆಯಲೊಪ್ಪಿದ್ದನ್ನು ಬರೆದರು. ಬರೆಯದಿದ್ದುದಕ್ಕೆ ಅವರನ್ನು ದೂಷಿಸುವಂತಿಲ್ಲ. ಈ ವಿಮರ್ಶೆಯ ಗುರಿ ಅವರ ಗ್ರಂಥಕ್ಕಿಂತ ಹೆಚ್ಚಾಗಿ ನಮ್ಮ ಓದು. ಒಬ್ಬ ಅಧಿಕಾರಿಯ ವೃತ್ತಾಂತವನ್ನು ಒಂದು ನಾಡಿನ ಶಕ್ತಿಚರಿತ್ರೆಯೆಂದು ಸ್ವೀಕರಿಸಿದವರು ನಾವು. ಹಾಗೆ ಸ್ವೀಕರಿಸಿದ್ದರಿಂದ ಅವರಿಗೂ ಅನ್ಯಾಯವಾಗಿದೆ: ಲೆಕ್ಕ, ತರ್ಕ, ಹಟ, ಸಂಧಾನ ಇವುಗಳಿಂದ ಕೂಡಿದ ಒಬ್ಬ ನಿಜವಾದ ಆಡಳಿತಗಾರನ ಬದಲು, ಆಣಿಮುತ್ತುಗಳನ್ನು ನುಡಿಯುವ ಒಂದು ಪ್ರತಿಮೆ ನಮಗೆ ಉಳಿದಿದೆ. ಪ್ರತಿಮೆಗೆ ಹಾರ ಹಾಕಬಹುದು. ಅದರಿಂದ ಕಲಿಯುವುದು ಕಷ್ಟ.

ಬೆಂಗಳೂರಿನ ಪೂರ್ವಭಾಗದಲ್ಲಿ, ವಿಶೇಷವಾಗಿ ಮಹದೇವಪುರದ ಸುತ್ತ ಅಧ್ಯಾಪನ ಮಾಡುವವರಿಗೆ ಈ ವಿಚಾರ ಪುಸ್ತಕದ ಮಾತಲ್ಲ. ಈ ಪ್ರದೇಶ ಕಾವೇರಿಗೂ ಕೋಲಾರಕ್ಕೂ ನಡುವೆ ಇದೆ. ಕೃಷ್ಣರಾಜಪುರ ಮತ್ತು ವೈಟ್‌ಫೀಲ್ಡ್ ನಿಲ್ದಾಣಗಳ ಮೂಲಕ ಹಾದುಹೋಗುವ ರೈಲುಗಾಡಿಗಳಲ್ಲಿ, ಗಣಿ ಮುಚ್ಚಿದ ಮೇಲೆ ಊರಿನಲ್ಲಿ ಉದ್ಯೋಗ ಕಾಣದ ಗಣಿಕುಟುಂಬಗಳ ಮಕ್ಕಳು ಮಾರಿಕುಪ್ಪಂ ಕಡೆಯಿಂದ ಪ್ರತಿದಿನವೂ ನಗರಕ್ಕೆ ಬರುತ್ತಾರೆ. 2023ರಲ್ಲಿ ವೈಟ್‌ಫೀಲ್ಡಿನವರೆಗೆ ಬಂದ ಮೆಟ್ರೋ ಮಾರ್ಗದ ಕಂಬಗಳು ಊರಿರುವುದು, ದಕ್ಷಿಣ ಭಾರತದ ಪ್ರಾಚೀನ ಪದರುಶಿಲೆಯ ನೆಲದಲ್ಲಿ. ಅದಕ್ಕೆ 'ಪೆನಿನ್ಸುಲರ್ ನೈಸ್' ಎಂಬ ಹೆಸರಿತ್ತವರು, ಮೇಲೆ ಹೇಳಿದ ಸ್ಮೀತರೇ. ಹೂಡಿಯ ವಿದ್ಯುತ್ ಕೇಂದ್ರದಿಂದ ಹೊರಡುವ ತಂತಿಗಳು ಇಲ್ಲಿನ ಕಾರ್ಖಾನೆಗಳನ್ನೂ ಕಚೇರಿಗಳನ್ನೂ ನಡೆಸುತ್ತವೆ. ಕೊಳವೆಬಾವಿಗಳನ್ನೂ ನೀರಿನ ಲಾರಿಗಳನ್ನೂ ನಂಬಿದ್ದ ಈ ಭಾಗದ ಹಳ್ಳಿಗಳಿಗೆ ನೀರೊದಗಿಸುವ ಕಾವೇರಿ ಐದನೆಯ ಹಂತದ ಯೋಜನೆ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಶಿವನಸಮುದ್ರದ ಆಸುಪಾಸಿನಲ್ಲಿ ಎತ್ತಿಕೊಂಡ ನೀರು ಅದು. 1902ರಲ್ಲಿ ಅದೇ ನದಿಯ ಶಕ್ತಿ ಕೋಲಾರಕ್ಕೆ ಹೋದಾಗ ದಾರಿಯ ಊರುಗಳಿಗೆ ದೀಪವಿರಲಿಲ್ಲ ಎಂಬುದನ್ನು ನೆನೆದರೆ, ಯಾರಿಗೆ ಮೊದಲು, ಯಾರಿಗೆ ಅನಂತರ ಎಂಬ ಪ್ರಶ್ನೆ ಶಕ್ತಿಯ ಇತಿಹಾಸದಲ್ಲಿಯೂ ನೀರಿನ ಇತಿಹಾಸದಲ್ಲಿಯೂ ಎಷ್ಟು ಹಳೆಯದೆಂಬುದು ವಿದ್ಯಾರ್ಥಿಗಳಿಗೆ ತಾನಾಗಿ ಹೊಳೆಯುತ್ತದೆ.

ಆದುದರಿಂದ ಕಾಲೇಜಿನ ಇತಿಹಾಸ ತರಗತಿಗಳಲ್ಲಿ ವಿಶ್ವೇಶ್ವರಯ್ಯನವರ ಸ್ಮೃತಿಗ್ರಂಥವನ್ನು ಓದಿಸುವುದು ಅವಶ್ಯ. ಒಂಟಿಯಾಗಿ ಓದಿಸುವುದು ಸಾಲದು. ಅದರ ಒಂದು ಪಕ್ಕದಲ್ಲಿ ಮೈಸೂರು ಭೂವಿಜ್ಞಾನ ಇಲಾಖೆಯ ವರದಿಗಳನ್ನೂ ಇನ್ನೊಂದು ಪಕ್ಕದಲ್ಲಿ 1924ರ ಒಪ್ಪಂದದ ಪಾಠವನ್ನೂ ಇಡಬೇಕು. ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರು ತಳಹದಿಯ ಲೆಕ್ಕವನ್ನು ನಮ್ಮ ವಿದ್ಯಾರ್ಥಿಗಳಿಗೆ ಒಂದು ಗಂಟೆಯಲ್ಲಿ ವಿವರಿಸಬಲ್ಲರು. ಅದಕ್ಕೆ ಪ್ರತಿಯಾಗಿ ಕರಾರುಪತ್ರವನ್ನು ಓದುವ ಬಗೆಯನ್ನು ನಾವು ಅವರ ವಿದ್ಯಾರ್ಥಿಗಳಿಗೆ ತೋರಿಸಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಗಣಿಯ ಆಳದಲ್ಲಿ ಕೆಲಸಮಾಡಿ ನಿವೃತ್ತರಾದವರು ಇನ್ನೂ ನಮ್ಮ ನಡುವೆ ಇದ್ದಾರೆ. ಬಂಡೆ ಸಿಡಿಯುವ ಮೊದಲು ಯಾವ ಸದ್ದು ಮಾಡುತ್ತಿತ್ತು, ಯಾವ ಗೋಡೆಯ ಬಳಿ ನಿಲ್ಲಬಾರದೆಂದು ಹಿರಿಯರು ಕಿರಿಯರಿಗೆ ಹೇಳಿಕೊಡುತ್ತಿದ್ದರು ಎಂಬುದನ್ನು ಅವರು ಬಲ್ಲರು. ಅದು ಯಾವ ಸರ್ಕಾರಿ ವರದಿಯಲ್ಲಿಯೂ ಪೂರ್ತಿಯಾಗಿ ದೊರೆಯದ ಜ್ಞಾನ. ಗಣಿ ಮುಚ್ಚಿ ಎರಡು ದಶಕಗಳು ಮೀರಿದುವು. ಆ ಹಿರಿಯರ ಸಂಖ್ಯೆ ವರ್ಷವರ್ಷವೂ ಕಡಮೆಯಾಗುತ್ತಿದೆ. ಸಂಶೋಧನೆಗೆ ವಿಷಯವಿಲ್ಲವೆಂದು ಕೊರಗುವ ಸ್ನಾತಕೋತ್ತರ ವಿದ್ಯಾರ್ಥಿಗಳು ಈ ಹಿರಿಯರ ಮಾತನ್ನು ಬರೆದುಕೊಳ್ಳುವ ಕೆಲಸವನ್ನು ಬರುವ ವರ್ಷದಿಂದಲೇ ಕೈಗೊಳ್ಳುವುದಾದರೆ, ಕನ್ನಡದಲ್ಲಿ ಶಕ್ತಿಚರಿತ್ರೆಯ ಎರಡನೆಯ ಸಂಪುಟಕ್ಕೆ ಅದೇ ಮೊದಲ ಅಧ್ಯಾಯವಾಗುತ್ತದೆ.